ಜುಲೈವರೆಗೆ ಕಾಯದ ಹೊಟ್ಟೆ

ಏನೇನೆಲ್ಲ ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊಟ್ಟೆಯೊಳಗೆ ಗಡ್ಡೆ ಇರಬಹುದಿತ್ತು. ಗಡ್ಡೆ ಇಲ್ಲದಿದ್ದರೆ ತೂತು. ತೂತೂ ಇಲ್ಲದಿದ್ದರೆ, ನೋಡಲೆಂದು ಬಾಯಿಯಿಂದ ಇಳಿಸಿದ ಕೊಳವೆ ಒಳಗೆಲ್ಲೋ ಗಂಟುಬಿದ್ದು, ನನ್ನನ್ನೂ ಯಂತ್ರವನ್ನೂ ಬೇರ್ಪಡಿಸಲು ಅದನ್ನು ತಯಾರಿಸಿದವರನ್ನೇ ಕರೆಸಬೇಕಾಗಬಹುದಿತ್ತು. ಇನ್ಶೂರೆನ್ಸಿನವರು ‘ಈ ಕಾಯಿಲೆ ನಮಗೆ ಸಂಬಂಧಿಸಿದ್ದಲ್ಲ’ ಎನ್ನಬಹುದಿತ್ತು. ನಮ್ಮ ಮ್ಯಾನೇಜರ್ ಸಾಹೇಬರು ಬಹಳ ಸಭ್ಯವಾಗಿ ಬೆನ್ನು ತಟ್ಟಿ ‘ಖಲಾಸ್, ಊರಿಗೆ ಹೋಗಿ ರೆಸ್ಟ್ ಮಾಡು’ ಎನ್ನಬಹುದಿತ್ತು. ಮಗಳ ಹನ್ನೆರಡನೆಯ ತರಗತಿ ಅರ್ಧದಲ್ಲಿ ನಿಲ್ಲಬಹುದಿತ್ತು. ನಮ್ಮ ಸೋಫಾವನ್ನು ಹೆಂಡತಿ ದೋಹಾದ ಬಿನ್ ಮಹಮೂದ್ ಬಡಾವಣೆಯ ಯಾವುದೋ ಬ್ಯಾಚುಲರ್ ರೂಮಿನವರಿಗೆ ಮಾರಿ ಹೊರಡಬೇಕಾಗಬಹುದಿತ್ತು. ಕೊನೆಗೆ ನಾನು ಪೆಟ್ಟಿಗೆಯೊಳಗೆ ಕಾರ್ಗೋದಲ್ಲಿ ಬಜ್ಪೆ ವಿಮಾನ ನಿಲ್ದಾಣಕ್ಕೆ ಇಳಿದು, ಕಾಗದಪತ್ರ ಸರಿಯಿಲ್ಲವೆಂದು ಗೋಡೌನಿನಲ್ಲಿ ಉಳಿದು, ಇಗರ್ಜಿಗೆ ತಡವಾಗಿ ತಲುಪಿ, ಕಾದು ಸುಸ್ತಾದ ಗಾಯನ ಮಂಡಳಿಯವರು ತಪ್ಪು ಶ್ರುತಿಯಲ್ಲಿ ಹಾಡಬಹುದಿತ್ತು. ಈ ಕೊನೆಯದನ್ನು ಎಷ್ಟು ವಿವರವಾಗಿ ಯೋಚಿಸಿದ್ದೆನೆಂದರೆ, ಯಾರು ಮೊದಲು ತಪ್ಪುತ್ತಾರೆ ಎಂಬುದೂ ನನಗೆ ಗೊತ್ತಿತ್ತು.

ಇವು ಯಾವುವೂ ಆಗಲಿಲ್ಲ. ಆಗಿದ್ದರೆ ಇಷ್ಟು ಸಲೀಸಾಗಿ ಬರೆಯುತ್ತಲೂ ಇರಲಿಲ್ಲ. ಎಲ್ಲೋ ಒಂದು ಆಫೀಸಿನಲ್ಲಿ ಮೇಜಿನ ಅಂಚಿಗೆ ಹೊಟ್ಟೆ ಒತ್ತಿ ಹಿಡಿದು, ಮುಖದಲ್ಲಿ ಮಾತ್ರ ನಗು ಇಟ್ಟುಕೊಂಡು, ‘ಊರಿಗೆ ಹೋದಾಗ ತೋರಿಸುವ’ ಎಂದು ಕೂತಿರುವ ಒಬ್ಬರಾದರೂ ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ವಿಕ್ಟರ್. ಊರು ಉಡುಪಿಯ ಕಡೆ, ವಯಸ್ಸು ಐವತ್ತರ ಆಚೆ. ದೋಹಾದ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಹೆಂಡತಿ ಐರಿನ್ ಇಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಮಗಳು ರಿಯಾ. ಮನೆಯಲ್ಲಿ ನಮ್ಮದು ಕೊಂಕಣಿ. ಈ ಬರಹದಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದಿದ್ದೇನೆ. ಚಿಂತೆ ಮಾಡುವುದು ನನಗೆ ಅಭ್ಯಾಸವಲ್ಲ, ಉದ್ಯೋಗ. ವಿಮಾನ ನೆಟ್ಟಗೆ ಇಳಿದರೆ ಲಗೇಜಿನ ಚಿಂತೆ. ಲಗೇಜು ಬಂದರೆ, ಇದು ನಮ್ಮದೇ ಹೌದೋ ಎಂಬ ಚಿಂತೆ. ಹೊಟ್ಟೆನೋವಿನ ಸುದ್ದಿ ಕೇಳಿದಾಗ ರಿಯಾ ಪುಸ್ತಕದಿಂದ ತಲೆಯೆತ್ತದೆ ಹೇಳಿದ್ದಳು: “ನಾನು ಕೆಜಿಯಲ್ಲಿ ಇರುವಾಗಿಂದ ನೀನು ಡೈಯಿಂಗ್, ಡ್ಯಾಡಾ.”

ಶುರುವಾದದ್ದು ಕ್ರಿಸ್ಮಸ್ ಹೊತ್ತಿಗೆ. ಎದೆಗುಂಡಿಯ ಕೆಳಗೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದ ಹಾಗೆ ಒಂದು ಉರಿ. ನಾಲ್ಕು ತುತ್ತು ತಿಂದರೆ ಮದುವೆ ಊಟ ಮುಗಿಸಿದಷ್ಟು ಭಾರ. ಲಿಫ್ಟಿನಲ್ಲಿ ಯಾರಾದರೂ ಊದ್ ಅತ್ತರು ಪೂಸಿಕೊಂಡು ಬಂದರೆ ಬಾಯಲ್ಲಿ ನೀರೂರಿ ವಾಕರಿಕೆ. ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಾದ ಕ್ಷಣವನ್ನೇ ಹುಡುಕಿ ಬರುವ ತೇಗು. ಮೊದಮೊದಲು ಹಬ್ಬದ ಹಂದಿಮಾಂಸದ ಮೇಲೆ ಗೂಬೆ ಕೂರಿಸಿದೆ. ಹಬ್ಬ ಮುಗಿದು, ಕೇಕು ಮುಗಿದು, ನಕ್ಷತ್ರದ ದೀಪ ಪೆಟ್ಟಿಗೆ ಸೇರಿದರೂ ಉರಿ ಹೋಗಲಿಲ್ಲ.

ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಕಟ್ಟಡದ ಬುಡದಲ್ಲೇ ಕ್ಲಿನಿಕ್ ಇದೆ. ಆದರೆ ಗಲ್ಫಿನಲ್ಲಿರುವ ನಮ್ಮ ಕರಾವಳಿಯವರ ಶರೀರದ ಕತೆ ಬೇರೆ. ನಮ್ಮ ಶರೀರ ಕೆಲಸ ಮಾಡುವುದು ಇಲ್ಲಿ, ರಿಪೇರಿಯಾಗುವುದು ಊರಿನಲ್ಲಿ, ಅದೂ ಜುಲೈ ರಜೆಯಲ್ಲಿ. ಹಲ್ಲು ಅಲುಗಿದರೆ ಜುಲೈ. ಕಣ್ಣು ಮಂಜಾದರೆ ಜುಲೈ. ಮಂಡಿ ಕಿರ್ರೆಂದರೆ ಜುಲೈ. ನಮ್ಮ ಪೈಕಿ ಯಾರನ್ನಾದರೂ ವರ್ಷದ ಮಧ್ಯದಲ್ಲಿ ‘ಹೇಗಿದ್ದೀರಿ’ ಎಂದು ಕೇಳಿ ನೋಡಿ. ಆರೋಗ್ಯ ಹೇಗಿದೆ ಎಂದು ಹೇಳುವುದಿಲ್ಲ, ಟಿಕೆಟ್ ಯಾವ ತಾರೀಕಿಗೆ ಆಗಿದೆ ಎಂದು ಹೇಳುತ್ತಾರೆ.

ಅಣ್ಣ ಸ್ಟ್ಯಾನಿಯೂ ಹಾಗೆಯೇ ಹೇಳಿದ್ದ. ಅವನಿದ್ದದ್ದು ಕುವೈತಿನಲ್ಲಿ. ಫೋನಿನಲ್ಲಿ ಯಾವಾಗ ಕೇಳಿದರೂ “ಗ್ಯಾಸ್ ಮಾರಾಯ, ಬೇರೆಂತದ್ದೂ ಇಲ್ಲ” ಎನ್ನುತ್ತಿದ್ದ. ಗುಲಾಬಿ ಬಣ್ಣದ ಔಷಧಿಯ ಬಾಟಲಿಯನ್ನು ಕಾರಿನಲ್ಲಿಟ್ಟುಕೊಂಡು ಶರಬತ್ತಿನಂತೆ ಕುಡಿಯುತ್ತಿದ್ದನಂತೆ. ಜುಲೈ ಬಂತು, ಅವನು ಊರಿಗೆ ಬಂದ, ತೋರಿಸಿದ. ಮಂಗಳೂರಿನ ಡಾಕ್ಟರುಗಳು ಹೊಟ್ಟೆ ತೆರೆದು, ನೋಡಿ, ಹಾಗೆಯೇ ಮುಚ್ಚಿದರು. ಕ್ರಿಸ್ಮಸ್‌ಗೆ ಅವನಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ‘ಗ್ಯಾಸ್’ ಎಂಬ ಶಬ್ದವನ್ನು ಅಡುಗೆ ಸಿಲಿಂಡರಿಗೆ ಮಾತ್ರ ಬಳಸುತ್ತೇವೆ.

ಹಾಗಿದ್ದೂ ನಾನು ಯಾಕೆ ತೋರಿಸಲಿಲ್ಲ? ಉತ್ತರ ಸರಳ: ಹೆದರಿಕೆ. ಸಣ್ಣಪುಟ್ಟ ವಿಷಯಕ್ಕೆ ಊರೆಲ್ಲ ಕೇಳುವಂತೆ ಚಿಂತೆ ಮಾಡುವವನು ನಿಜವಾದ ಚಿಂತೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಹೆಸರಿಡದ ನೋವು ಜುಲೈವರೆಗೆ ಬರೀ ನೋವಾಗಿಯೇ ಇರುತ್ತದೆ. ಪ್ರತಿ ಭಾನುವಾರ ಸ್ಟ್ಯಾನಿಯ ಹೆಂಡತಿ ಫ್ಲೇವಿ ಅತ್ತಿಗೆ ಊರಿನಿಂದ ಫೋನ್ ಮಾಡಿ “ಊಟ ಸರಿ ಮಾಡ್ತಿ ಅಲ್ವಾ?” ಎಂದು ಕೇಳುವಾಗ, ಹೊಟ್ಟೆ ಹಿಡಿದುಕೊಂಡೇ “ಫಸ್ಟ್ ಕ್ಲಾಸ್ ಅತ್ತಿಗೆ” ಎನ್ನುತ್ತಿದ್ದೆ.

ಈ ನಡುವೆ ರಂಜಾನ್ ತಿಂಗಳೂ ಈಸ್ಟರಿಗೆ ಮುಂಚಿನ ನಮ್ಮ ತಪಸ್ಸುಕಾಲವೂ ಒಟ್ಟೊಟ್ಟಿಗೆ ಬಂದವು. ನಾನು ತಪಸ್ಸುಕಾಲಕ್ಕೆಂದು ಬೆಳಗಿನ ತಿಂಡಿ ಬಿಟ್ಟೆ. ಆಫೀಸಿನಲ್ಲಿ ಮುಕ್ಕಾಲು ಜನ ಉಪವಾಸವಿರುವಾಗ ಡಬ್ಬಿ ಬಿಚ್ಚಲು ಮನಸ್ಸಾಗದೆ ಮಧ್ಯಾಹ್ನದ ಊಟವೂ ಹೋಯಿತು. ಬದಲಿಗೆ ಫೈರ್ ಸ್ಟೇರ್‌ಕೇಸಿನ ಮೂಲೆಯಲ್ಲಿ ಕಳ್ಳನಂತೆ ನಿಂತು ಫ್ಲಾಸ್ಕಿನ ಕಪ್ಪು ಕಾಫಿ ಕುಡಿಯುತ್ತಿದ್ದೆ. ಸಂಜೆಯಾದರೆ ಅವರಿವರ ಮನೆಯ ಇಫ್ತಾರ್. ಕರಿದ ಸಮೋಸಾ, ಮಟನ್, ಮೇಲೆ ಕಡಕ್ ಚಹಾ.

ನನ್ನ ಟೇಬಲ್ಲಿನ ಎದುರಿಗೆ ಕೂರುವ ಹಮೀದ್ ಬಂಟ್ವಾಳದ ಬ್ಯಾರಿ, ದೋಹಾದಲ್ಲಿ ನನಗಿಂತ ಹಳಬ. ಅವನು ಒಮ್ಮೆ ಸ್ಟೇರ್‌ಕೇಸಿನಲ್ಲಿ ನನ್ನನ್ನು ಹಿಡಿದ. “ಅಲ್ಲ ಮಾರಾಯ, ನಿಂಗೆ ಉಪವಾಸವೂ ಇಲ್ಲ, ಊಟವೂ ಇಲ್ಲ. ಈ ಪುಣ್ಯ ಯಾರಿಗೆ ಹೋಗುದು?”

“ನಿಂಗೇ ಇರ್ಲಿ,” ಎಂದೆ.

“ನಂಗೆ ಬೇಡ. ಕಾಫಿ ಕುಡಿದ ಪುಣ್ಯ.”

ಅದೇ ವಾರ ಅಲ್ ಮುಂತಜಾದಲ್ಲಿರುವ ಅವನ ಮನೆಯಲ್ಲಿ ಇಫ್ತಾರ್. ಬಾಂಗು ಕೇಳಿತು, ಎಲ್ಲರ ಜೊತೆ ನಾನೂ ಖರ್ಜೂರ ಬಾಯಿಗಿಟ್ಟೆ. ಹಮೀದನ ಹೆಂಡತಿ ಬಡಿಸಿದ ಗಂಜಿ ಎರಡು ಚಮಚ ಒಳಗೆ ಹೋಯಿತು. ಮೂರನೆಯದು ಹೋಗಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಯಾರೋ ಒತ್ತಿ ಎಳೆದಂತಾಗಿ, ನಾನು ನೆಲದ ಮೇಲೆ ಊಟಕ್ಕೆ ಹಾಸಿದ ಬಟ್ಟೆ, ಸುಪ್ರದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟೆ. ಹಣೆಯಿಂದ ಬೆವರು ತಟ್ಟೆಗೆ ಬಿತ್ತು. ದಿನವಿಡೀ ಹಸಿದಿದ್ದ ಹಮೀದ್ ಕೈಯಲ್ಲಿದ್ದ ಸಮೋಸಾ ಬಿಟ್ಟು ನನ್ನ ಬೆನ್ನು ಹಿಡಿದ.

“ಎದೆಯಾ?”

“ಹೊಟ್ಟೆ. ಹೋಗ್ತದೆ. ಜುಲೈಯಲ್ಲಿ ಊರಿಗೆ ಹೋಗುವಾಗ...”

“ಜುಲೈಯಾ?” ಹಮೀದ್ ನನ್ನ ಮುಖ ನೋಡಿದ. “ನಿನ್ನ ಅಣ್ಣನೂ ಜುಲೈ ಅಂತಲೇ ಹೇಳಿದ್ದಲ್ವಾ ವಿಕ್ಟರ್?”

ನನ್ನ ಪಕ್ಕದಲ್ಲಿದ್ದ ಐರಿನ್ ಚಮಚ ಕೆಳಗಿಟ್ಟಳು. ನೋವು ಕ್ರಿಸ್ಮಸ್‌ನಿಂದ ಇದೆ ಎಂಬುದು ಅವಳಿಗೆ ಗೊತ್ತಾದದ್ದು ಮನೆಗೆ ಬರುವ ದಾರಿಯಲ್ಲಿ. ಅವಳು ಬೈಯಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ, “ನಾಳೆ ನಾಲ್ಕು ಗಂಟೆಗೆ ಕೆಳಗೆ ಕ್ಲಿನಿಕ್ಕಿಗೆ ಹೋಗುದು. ನೀನಲ್ಲ, ನಾವು,” ಎಂದಳು. ಬೈದಿದ್ದರೆ ವಾಸಿಯಿತ್ತು.

ಕ್ಲಿನಿಕ್ಕಿನ ಡಾಕ್ಟರ್ ಶೀಜಾ ಕೇರಳದವರು, ಓದಿದ್ದು ಮಂಗಳೂರಿನಲ್ಲಿ. ಹಾಗಾಗಿ ನಮ್ಮ ಭಾಷೆ ಅವರಿಗೆ ಅರ್ಧ ಬರುತ್ತದೆ, ಆ ಅರ್ಧವನ್ನು ಪೂರ್ತಿ ಧೈರ್ಯದಿಂದ ಆಡುತ್ತಾರೆ.

“ಉಪವಾಸ ಉಂಟಾ?”

“ಇಲ್ಲ ಡಾಕ್ಟರ್, ನಾವು ಕ್ರಿಶ್ಚಿಯನ್ಸ್.”

“ಬೆಳಿಗ್ಗೆ ಎಂತ ತಿಂತೀರಿ?”

“ಎಂತ ಇಲ್ಲ. ತಪಸ್ಸುಕಾಲ ಅಲ್ವಾ.”

“ಮಧ್ಯಾಹ್ನ?”

“ಎಂತ ಇಲ್ಲ. ರಂಜಾನ್ ಅಲ್ವಾ.”

ಡಾಕ್ಟರ್ ಟೈಪ್ ಮಾಡುವುದನ್ನು ನಿಲ್ಲಿಸಿದರು. “ಸಂಜೆ?”

“ಇಫ್ತಾರ್.”

“ಉಪವಾಸ ಇಲ್ಲದೆ ಇಫ್ತಾರಾ?”

“ಕರೀತಾರೆ ಡಾಕ್ಟರ್. ಹೋಗದಿದ್ರೆ ಬೇಜಾರು.”

“ಬೆಳಗಿನ ಜಾವ ಅವರು ಸುಹೂರ್ ತಿಂತಾರಲ್ಲ, ಅದು?”

“ಅದಕ್ಕೆ ಬೇಗ ಏಳಬೇಕಲ್ಲ.”

ಐರಿನ್ ಗೋಡೆಯ ಮೇಲಿದ್ದ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

“ಬೇರೆ ಮದ್ದು ಯಾವುದಾದ್ರೂ ತಗೊಳ್ತೀರಾ?”

“ಇಲ್ಲ,” ಎಂದೆ. ಪ್ರಾಮಾಣಿಕವಾಗಿಯೇ ಹೇಳಿದೆ.

“ಕುತ್ತಿಗೆ ನೋವಿಗೆ ತಿನ್ನುದು?” ಐರಿನ್ ತಿರುಗಿದಳು. “ಕೇಸರಿ ಮಾತ್ರೆ. ದಿನಾ ಎರಡು.”

“ಅದು ಊರಿನದ್ದಲ್ವಾ!”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರಿನಿಂದ ಬರುವವರ ಹತ್ತಿರ ನಾವು ಏನೇನೋ ತರಿಸುತ್ತೇವೆ. ಕುಚ್ಚಲಕ್ಕಿ, ಒಣಸಿಗಡಿ, ಹಲಸಿನ ಹಪ್ಪಳ, ಮತ್ತು ಪರಿಚಯದ ಮೆಡಿಕಲ್ಲಿನಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆ. ಅದು ಹಪ್ಪಳದ ಜೊತೆ ಬರುವುದರಿಂದ ಹಪ್ಪಳದ ಜಾತಿಗೇ ಸೇರಿದ್ದು. ಮದ್ದು ಅಂದರೆ ಇಲ್ಲಿಯ ಡಾಕ್ಟರು ಬರೆದುಕೊಡುವುದು, ಇಲ್ಲಿಯ ಫಾರ್ಮಸಿಯಲ್ಲಿ ಕೊಳ್ಳುವುದು. ಹಲವು ವರ್ಷಗಳಿಂದ ಖಾಲಿ ಹೊಟ್ಟೆಗೆ ಕಪ್ಪು ಕಾಫಿಯ ಜೊತೆ ನುಂಗುತ್ತಿದ್ದರೂ ಅದು ನನ್ನ ತಲೆಯಲ್ಲಿ ಮದ್ದಾಗಿರಲೇ ಇಲ್ಲ.

“ಹೊಟ್ಟೆಗೆ ಅದು ಊರಿನದ್ದಾ ಖತಾರಿನದ್ದಾ ಅಂತ ಗೊತ್ತಾಗ್ತದಾ ವಿಕ್ಟರ್?” ಡಾಕ್ಟರ್ ಕೇಳಿದರು. ಆಮೇಲೆ ಮಾಮೂಲಿ ಪ್ರಶ್ನೆಯಂತೆ, “ಮನೆಯಲ್ಲಿ ಯಾರಿಗಾದ್ರೂ ಹೊಟ್ಟೆಯದ್ದು ಪ್ರಾಬ್ಲಂ ಇತ್ತಾ?”

ನಾನು ಐರಿನ್ ಕಡೆ ನೋಡಿದೆ, ಅವಳು ನನ್ನ ಕಡೆ. ಕೊನೆಗೆ ಸ್ಟ್ಯಾನಿಯ ವಿಷಯ ಅವಳೇ ಹೇಳಿದಳು. ಡಾಕ್ಟರರ ಮುಖ ಬದಲಾಗಲಿಲ್ಲ. ದನಿ ಮಾತ್ರ ಒಂದು ಮೆಟ್ಟಿಲು ಇಳಿಯಿತು. “ಹೆಚ್ಚಾಗಿ ಇದು ಗ್ಯಾಸ್ಟ್ರೈಟಿಸ್. ಆದರೆ ಒಳಗೆ ಕ್ಯಾಮರಾ ಹಾಕಿ ನೋಡಿಬಿಡುವ. ಯಾಕೆ ಸುಮ್ಮನೆ ಸಂಶಯ?” ಕೇಸರಿ ಮಾತ್ರೆ ಆ ದಿನದಿಂದಲೇ ಬಂದ್. ತಪಸ್ಸಿಗೆ ಬೇರೇನಾದರೂ ಬಿಡಿ, ಊಟ ಬಿಡಬೇಡಿ ಎಂದರು. ಬೆಳಿಗ್ಗೆ ಎದ್ದ ಕೂಡಲೇ ನುಂಗಲು ಒಂದು ಕ್ಯಾಪ್ಸೂಲು. ಅಲ್ ರಯ್ಯಾನಿನ ದೊಡ್ಡ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿಗೆ ದಿನ ಗೊತ್ತಾಯಿತು.

‘ಹೆಚ್ಚಾಗಿ’ ಎಂಬ ಶಬ್ದವನ್ನು ಯಾವ ಚಿಂತೆಯ ಮನುಷ್ಯನಿಗೂ ಕೊಡಬಾರದು. ಅದರಲ್ಲಿ ಉಳಿಯುವ ಚೂರು ಜಾಗದಲ್ಲಿ ನಾನು ಮನೆ ಕಟ್ಟಿ ಸಂಸಾರ ಹೂಡಿದೆ. ಮೊಬೈಲಿನಲ್ಲಿ ಹುಡುಕಿದೆ, ರಿಯಾ ಮೊಬೈಲ್ ಕಸಿದುಕೊಂಡಳು. ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದೆ. ಅಲ್ಲಿ ಹಮೀದ್ ಇದ್ದ.

ಮರುದಿನ ಊಟದ ಹೊತ್ತಿಗೆ ಹಮೀದ್ ಬೀಗದ ಕೈ ತಂದು ಟೇಬಲ್ಲಿನ ಮೇಲಿಟ್ಟ. “ಸ್ಟೋರ್ ರೂಮ್. ಒಳಗೆ ಒಂದು ಕುರ್ಚಿ ಹಾಕಿದ್ದೇನೆ. ಯಲ್ಲಾ, ಹೋಗಿ ಊಟ ಮಾಡು.”

“ಬೇಡ ಮಾರಾಯ. ನೀನು ಇಲ್ಲಿ ನೀರೂ ಕುಡಿಯದೆ...”

“ನನ್ನ ಉಪವಾಸ ನಾನು ಮಾಡ್ತೇನೆ. ನಿನ್ನದನ್ನೂ ನನ್ನ ಮಂಡೆಗೆ ಹಾಕ್ಬೇಡ. ನೀನು ತಿನ್ನದೆ ಕೂತ್ರೆ ನಂಗೆಂತ ಮರ್ಯಾದೆ ಸಿಗ್ತದಾ?”

ಹಾಗೆ ಪ್ರಿಂಟರ್ ಟೋನರಿನ ಪೆಟ್ಟಿಗೆಗಳ ನಡುವೆ ಕೂತು ನಾನು ಐರಿನ್ ಕಟ್ಟಿಕೊಟ್ಟ ಗಂಜಿ, ಬೇಯಿಸಿದ ಬಟಾಟೆ ತಿಂದೆ. ಹೊರಗೆ ಹಮೀದ್ ಕಾವಲು. ಯಾರೋ ಬಾಗಿಲು ತಳ್ಳಲು ಬಂದರು. “ಸ್ಟಾಕ್ ಚೆಕಿಂಗ್ ನಡೀತಾ ಉಂಟು,” ಎಂದ ಗಂಭೀರವಾಗಿ. ಅವರು ಹೋದ ಮೇಲೆ ಬಾಗಿಲ ಸಂದಿಯಿಂದ ಪಿಸುಗುಟ್ಟಿದ: “ಚಮಚ ಶಬ್ದ ಮಾಡ್ಬೇಡ ಮಾರಾಯ. ನಂಗೆ ಹಸಿವಾಗ್ತದೆ.”

ನಾನು ಆ ಕತ್ತಲೆಯ ಕೋಣೆಯಲ್ಲಿ ನಕ್ಕು ಗಂಜಿ ನೆತ್ತಿಗೆ ಹತ್ತಿಸಿಕೊಂಡೆ. ಕ್ರಿಸ್ಮಸ್ ನಂತರ ನಕ್ಕದ್ದು ಅದೇ ಮೊದಲು. ಕ್ಯಾಮರಾ ಹಾಕುವ ದಿನದವರೆಗೂ ಸ್ಟೋರ್ ರೂಮಿನ ಊಟ ತಪ್ಪಲಿಲ್ಲ. ಉರಿ ಸ್ವಲ್ಪ ತಣ್ಣಗಾಗುತ್ತಾ ಬಂತು. ಆದರೆ ಸ್ಟ್ಯಾನಿಗೂ ನಡುನಡುವೆ ಕಡಿಮೆಯಾಗುತ್ತಿತ್ತಂತೆ ಎಂಬುದು ನೆನಪಾಗಿ, ಕಡಿಮೆಯಾದದ್ದಕ್ಕೂ ಹೆದರಿದೆ.

ಆಸ್ಪತ್ರೆಯಲ್ಲಿ ಹಿಂದಿನಿಂದ ಕಟ್ಟುವ ಗೌನು ಕೊಟ್ಟು ಒಂದು ಸಾಲಿನಲ್ಲಿ ಕೂರಿಸಿದರು. ಆ ಗೌನು ಹಾಕಿದ ಮೇಲೆ ಮ್ಯಾನೇಜರ್, ಡ್ರೈವರ್, ಅರಬ್, ಉಡುಪಿಯವ ಎಂಬ ಭೇದವೆಲ್ಲ ಹೋಗಿ, ಎಲ್ಲರೂ ಬೆನ್ನು ಗೋಡೆಗೆ ಒತ್ತಿ ಕೂರುವವರೇ. ನನ್ನ ಪಕ್ಕದಲ್ಲಿ ಈಜಿಪ್ಟಿನ ಒಬ್ಬ ಹಿರಿಯರು ಜಪಮಾಲೆ ತಿರುಗಿಸುತ್ತಿದ್ದರು. ಗೌನಿಗೆ ಜೇಬಿಲ್ಲದ ಕಾರಣ ನಾನು ನನ್ನ ರೋಸರಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದೆ. ಅವರು ನನ್ನದನ್ನು ನೋಡಿದರು, ನಾನು ಅವರದನ್ನು. “ಮೇದಾ?” ಎಂದು ಹೊಟ್ಟೆ ಮುಟ್ಟಿ ಕೇಳಿದರು. ಹೌದೆಂದೆ. “ಅನಾ ಕಮಾನ್,” ನಾನೂ ಅದೇ, ಎಂದು ನಿಟ್ಟುಸಿರುಬಿಟ್ಟು, ನನ್ನ ಮಂಡಿಯನ್ನು ಎರಡು ಬಾರಿ ತಟ್ಟಿದರು. ಇಷ್ಟು ದಿನ ಎಲ್ಲರೂ ‘ಏನೂ ಆಗಲ್ಲ’ ಎಂದೇ ಹೇಳಿದ್ದರು. ಜೊತೆಗೆ ಹೆದರಲು ಒಬ್ಬರು ಸಿಕ್ಕಿದ್ದು ಅವತ್ತೇ.

ನರ್ಸ್ ಬಂದು ಹೆಸರು ಕೂಗಿದರು. ಐರಿನ್ ರೋಸರಿ ಬಿಚ್ಚಿ ತೆಗೆದುಕೊಂಡಳು. ತನ್ನ ಹೆದರಿಕೆ ನನಗೆ ಕಾಣಬಾರದೆಂದು ಬೇಕಂತಲೇ ಜಗಳ ತೆಗೆದಳು: “ಕಾಲುಚೀಲ ಯಾಕೆ ಬೇರೆಬೇರೆ ಜೋಡಿಯದ್ದು ಹಾಕ್ಕೊಂಡು ಬಂದದ್ದು?” ಒಳಗೆ ಗಂಟಲಿಗೆ ಕಹಿ ಸ್ಪ್ರೇ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆ, ಕೈಗೆ ಸೂಜಿ. ನರ್ಸ್ ಎಡಗಡೆ ತಿರುಗಿಸಿ ಮಲಗಿಸಿ, ಏನಾದರೂ ಒಳ್ಳೆಯದು ಯೋಚಿಸಿ ಸರ್ ಎಂದರು. ಒಳ್ಳೆಯದು ಯಾವುದು ಎಂದು ನಾನು ಹುಡುಕುತ್ತಿದ್ದೆ.

ಮರುಕ್ಷಣ ಹಮೀದನ ಕಾರಿನ ಹಿಂದಿನ ಸೀಟಿನಲ್ಲಿದ್ದೆ. ಬಾಯಲ್ಲಿ ಅರ್ಧ ಬಿಸ್ಕತ್ತು. ಕಿಟಕಿಯಾಚೆ ಬಿಸಿಲು.

“ಎಂತ ಆಯ್ತು?” ಎಂದು ಕೇಳಿದೆ.

ಮುಂದೆ ಕೂತಿದ್ದ ಐರಿನ್ ಹಿಂದಕ್ಕೆ ತಿರುಗಿದಳು. ಕಣ್ಣು ಕೆಂಪಗಿತ್ತು, ಮುಖ ತುಂಬಾ ನಗು. “ಇನ್ನೊಮ್ಮೆ ಹೇಳ್ಬೇಕಾ? ಎಂತ ಇಲ್ಲ. ಗಡ್ಡೆ ಇಲ್ಲ, ಹುಣ್ಣಿಲ್ಲ. ಗ್ಯಾಸ್ಟ್ರೈಟಿಸ್. ಒಳಗೆ ಕೆಂಪಾಗಿದೆ, ಅಷ್ಟೇ. ಚೂರು ತೆಗೆದು ಟೆಸ್ಟಿಗೆ ಕಳಿಸಿದ್ದಾರೆ, ಅದು ಬರೀ ರೂಲ್ಸಿಗೆ ಅಂತ ಡಾಕ್ಟರ್ ಹೇಳಿದ್ರಲ್ಲ.”

“ಯಾವಾಗ ಹೇಳಿದ್ರು?”

ಹಮೀದ್ ಕನ್ನಡಿಯಲ್ಲಿ ನನ್ನನ್ನು ನೋಡಿ ಕಾರು ಬದಿಗೆ ಹಾಕಿದ. ನಗು ತಡೆಯಲಾಗದೆ ಸ್ಟೀರಿಂಗಿಗೆ ಹಣೆ ಇಟ್ಟ.

ಚೂರಿನ ಟೆಸ್ಟೂ ಕೆಲವು ದಿನಗಳಲ್ಲಿ ಬಂತು. ಭಯಪಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರ್ ಶೀಜಾ ಫೋನಿನಲ್ಲಿ ಹೇಳಿದರು. ಆಮೇಲೆ “ಇನ್ನು ಊರಿನ ಹಪ್ಪಳ ಮಾತ್ರ ತರಿಸಿ” ಎಂದರು. ಈಗ ನಾನು ಹೊತ್ತಿಗೆ ಸರಿಯಾಗಿ ತಿನ್ನುತ್ತೇನೆ. ಕುತ್ತಿಗೆಗೆ ಬಿಸಿನೀರಿನ ಚೀಲ. ಖಾರ ಹೆಚ್ಚಾದರೆ ಉರಿ ಈಗಲೂ ಒಮ್ಮೊಮ್ಮೆ ಇಣುಕಿ ನೋಡಿ ಹೋಗುತ್ತದೆ. ಹೋಗುತ್ತದೆ ಎಂಬುದೇ ದೊಡ್ಡದು. ಸ್ಟೋರ್ ರೂಮಿನ ಕುರ್ಚಿಯನ್ನು ಹಮೀದ್ ಇನ್ನೂ ತೆಗೆದಿಲ್ಲ.

ತಪ್ಪಿದ್ದು ಒಂದೇ ಒಂದು. ಮಂಪರಿನ ಮದ್ದು ನನ್ನ ಜೀವನದ ಅತ್ಯಂತ ಒಳ್ಳೆಯ ಅರ್ಧ ಗಂಟೆಯನ್ನು ಅಳಿಸಿಹಾಕಿತು. ಡಾಕ್ಟರು ಹಾಸಿಗೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದರಂತೆ. ನಾನು ಕಣ್ಣು ತೆರೆದು, ತಲೆಯಾಡಿಸಿ, ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಡದೆ ಅತ್ತೆನಂತೆ. ಆಮೇಲೆ ಐರಿನ್ ಬೇಡವೆಂದರೂ ಕೇಳದೆ ಅವಳ ಫೋನು ತೆಗೆದುಕೊಂಡು ಫ್ಲೇವಿ ಅತ್ತಿಗೆಗೆ ಕರೆ ಮಾಡಿ, ವಾರ್ಡಿಗೆಲ್ಲ ಕೇಳುವಂತೆ ಕೂಗಿದೆನಂತೆ: “ಅತ್ತಿಗೆ, ನಂದು ಗ್ಯಾಸೇ! ನಿಜವಾಗಿ ಗ್ಯಾಸ್!”

ನನಗೆ ಒಂದು ಅಕ್ಷರವೂ ನೆನಪಿಲ್ಲ. ಅಷ್ಟು ತಿಂಗಳು ಹೆದರಿ ಹೆದರಿ ಕಾದ ಆ ಮಾತು ಬಂದಾಗ ನಾನೇ ಅಲ್ಲಿರಲಿಲ್ಲ. ಭಾನುವಾರ ಅತ್ತಿಗೆಯ ಫೋನ್ ಬಂದಾಗ ಸಂಕೋಚಪಡುತ್ತಲೇ ಕೇಳಿದೆ, ಅವತ್ತು ನಾನು ಇನ್ನೇನೇನು ಹೇಳಿದೆ, ನೀವು ಏನು ಹೇಳಿದಿರಿ ಎಂದು.

“ನೀನು ಮರೆತ್ರೆ ಏನಾಯ್ತು,” ಎಂದರು ಅತ್ತಿಗೆ. “ನಂಗೆ ನೆನಪುಂಟಲ್ಲ.”